ಬೆನ್ನ ಮೇಲೋ, ಕ್ಯಾರಿಯರ್ ಮೇಲೋ: ಸೈಕಲ್ಲಿನಲ್ಲಿ ಕ್ಯಾಮೆರಾ ಹೊರುವ ಐದು ದಾರಿ

ಎರಡು ಫುಲ್‌ಫ್ರೇಮ್ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), 24-70 ಮತ್ತು 70-200 ಜೂಮ್ ಲೆನ್ಸು (ಎರಡೂ ಎಫ್ 2.8), ಒಂದು 35 ಮಿ.ಮೀ. ಪ್ರೈಮ್ (ಜೂಮ್ ಆಗದ ಲೆನ್ಸು), ಎರಡು ಫ್ಲ್ಯಾಶ್, ಆರು ಬ್ಯಾಟರಿ, 14 ಇಂಚಿನ ಲ್ಯಾಪ್‌ಟಾಪ್. ತೂಕಕ್ಕೆ ಹಾಕಿದರೆ ಇಷ್ಟೇ ಏಳು ಕೆಜಿ ಆಗುತ್ತದೆ. ಒಳ್ಳೆಯ ಕ್ಯಾಮೆರಾ ಬ್ಯಾಗಿನದೇ ಒಂದೂವರೆ ಕೆಜಿ. ಬೀಗ, ಪಂಪು, ಸ್ಪೇರ್ ಟ್ಯೂಬು, ನೀರು ಸೇರಿದರೆ ಹತ್ತು ದಾಟುತ್ತದೆ. ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವ ಛಾಯಾಗ್ರಾಹಕರು ಈ ಹತ್ತು ಕೆಜಿಯನ್ನು ಎಲ್ಲಿ ಇಟ್ಟುಕೊಳ್ಳಬೇಕು? ಬೆನ್ನಿನ ಬ್ಯಾಗು, ಅಡ್ಡ ಹಾಕುವ ಸ್ಲಿಂಗು, ಹ್ಯಾಂಡಲ್ ಬ್ಯಾಗು, ಹಿಂದಿನ ಕ್ಯಾರಿಯರ್‌ನ ಪಕ್ಕಕ್ಕೆ ಸಿಕ್ಕಿಸುವ ಚೀಲ ಅಂದರೆ ಪ್ಯಾನಿಯರ್, ಕೊನೆಗೆ ಟ್ರೇಲರ್ ಅಥವಾ ಕಾರ್ಗೋ ಸೈಕಲ್. ಇದೇ ಸಾಮಾನನ್ನು ಈ ಐದರಲ್ಲೂ ಹೊತ್ತು, ಡಾಂಬರು, ಒಡೆದ ಕಾಂಕ್ರೀಟು, ಜಲ್ಲಿ ಹಾದಿ ಮೂರರ ಮೇಲೂ ಓಡಿಸಿ ನೋಡಿದಾಗ ಕಂಡದ್ದನ್ನು ಇಲ್ಲಿ ಕೊಟ್ಟಿದೆ.

ಮೊದಲು ಅದುರಿನ ಲೆಕ್ಕ

ಬ್ಯಾಗು ಆರಿಸುವಾಗ ಎಲ್ಲರೂ ಬೆನ್ನುನೋವಿನ ಬಗ್ಗೆ ಯೋಚಿಸುತ್ತಾರೆ, ಮಳೆಯ ಬಗ್ಗೆ ಯೋಚಿಸುತ್ತಾರೆ. ಅದುರಿನ ಬಗ್ಗೆ ಯೋಚಿಸುವವರು ಕಡಿಮೆ. ರಸ್ತೆಯ ಅದುರನ್ನು ಯಾರಾದರೊಬ್ಬರು ತಿನ್ನಲೇಬೇಕು, ಮೈ ತಿನ್ನಬೇಕು ಇಲ್ಲವೇ ಲೆನ್ಸು ತಿನ್ನಬೇಕು. ಮುಂದೆ ಹೇಳುವ ಪ್ರತಿಯೊಂದು ದಾರಿಯೂ ಈ ಹಂಚಿಕೆಯ ಒಂದೊಂದು ಬಗೆ, ಅಷ್ಟೆ.

ಹಿಂದಿನ ಕ್ಯಾರಿಯರ್‌ನ ಕಾಲುಗಳು ಚಕ್ರದ ಅಚ್ಚಿನ ಪಕ್ಕದಲ್ಲೇ ಫ್ರೇಮಿಗೆ ಬೋಲ್ಟ್ ಆಗಿರುತ್ತವೆ. ರಸ್ತೆಗೂ ಲೆನ್ಸಿಗೂ ನಡುವೆ ಇರುವ ಒಂದೇ ಮೆತ್ತೆ ಟೈರು. ಬೆನ್ನ ಮೇಲಿನ ಬ್ಯಾಗಿಗೆ ಹಾಗಲ್ಲ. ಗುಂಡಿ ಕಂಡ ಕೂಡಲೇ ಸವಾರ ಸೀಟಿನಿಂದ ಒಂದಿಂಚು ಏಳುತ್ತಾನೆ, ಮೊಣಕೈ ಮಡಚುತ್ತಾನೆ, ಮಂಡಿ ಸಡಿಲ ಬಿಡುತ್ತಾನೆ. ಇದಕ್ಕಿಂತ ಒಳ್ಳೆಯ ಸಸ್ಪೆನ್ಷನ್ ಯಾವ ಕಂಪನಿಯೂ ಮಾಡಿಲ್ಲ. ಜಲ್ಲಿ ಹಾದಿಯಲ್ಲಿ ಪ್ಯಾನಿಯರ್ ಒಳಗೆ ಲೆನ್ಸಿನ ಮುಚ್ಚಳ ತಾನಾಗಿಯೇ ಕಳಚಿ ಬಿದ್ದಿರುತ್ತದೆ. ಅದೇ ಹಾದಿಯಲ್ಲಿ ಬೆನ್ನ ಮೇಲೆ ಬಂದ ಲೆನ್ಸಿನದು ಹಾಕಿದ ಹಾಗೇ ಇರುತ್ತದೆ.

ಈಗಿನ ಹಲವು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಬಾಡಿಗೆ ಬಿಗಿದು ಕೂತಿರುವುದಿಲ್ಲ. ಕೈ ಅಲುಗಾಟ ಸರಿದೂಗಿಸಲು ಅದು ಸುರುಳಿ ಮತ್ತು ಆಯಸ್ಕಾಂತಗಳ ನಡುವೆ ತೇಲುತ್ತಿರುತ್ತದೆ. ಕ್ಯಾಮೆರಾ ಆನ್ ಇದ್ದಾಗ ವಿದ್ಯುತ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಫ್ ಮಾಡಿದರೆ ಹಲವು ಮಾದರಿಗಳಲ್ಲಿ ಅದು ಸಡಿಲ. ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದರೆ ಟಕ್ ಟಕ್ ಅನ್ನುವುದು ಕೇಳುತ್ತದೆ. ಅದು ದೋಷವಲ್ಲ, ಗಾಬರಿ ಬೇಡ. ಆದರೂ ನಿಕಾನ್ ತನ್ನ ಜೆಡ್9 ಕ್ಯಾಮೆರಾದಲ್ಲಿ ಆಫ್ ಆದಾಗ ಸೆನ್ಸರ್‌ಗೆ ಬೀಗ ಬೀಳುವ ಏರ್ಪಾಟು ಮಾಡಿದ್ದಕ್ಕೆ ಕಾರಣ ಈ ಬಗೆಯ ಸಾಗಾಟವೇ. 2021ರಲ್ಲಿ ಆಪಲ್ ಕೂಡ ಒಂದು ಎಚ್ಚರಿಕೆ ಕೊಟ್ಟಿತು: ಐಫೋನನ್ನು ದೊಡ್ಡ ಮೋಟಾರ್‌ಸೈಕಲ್ ಹ್ಯಾಂಡಲ್‌ಗೆ ಕಟ್ಟಿ ಓಡಿಸಿದರೆ ಎಂಜಿನ್ ಅದುರಿಗೆ ಲೆನ್ಸಿನ ಸ್ಥಿರೀಕರಣ ಮತ್ತು ಫೋಕಸ್ ಕೆಡಬಹುದು ಎಂದು. ಸೈಕಲ್ಲಿಗೆ ಎಂಜಿನ್ ಇಲ್ಲ, ಅಷ್ಟು ತೀವ್ರವಾದ, ಎಡೆಬಿಡದ ಅದುರೂ ಇಲ್ಲ. ಆದರೆ ಅದುರಿಗೆ ಮೊದಲು ಬಲಿಯಾಗುವುದು ಏನು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ನಿಜವಾಗಿ ನೋಡಿದರೆ ಸೈಕಲ್ ಮೇಲೆ ಸೆನ್ಸರ್‌ಗಿಂತ ಮೊದಲು ಕೈಕೊಡುವುದು ಸ್ಕ್ರೂಗಳು. ಲೆನ್ಸ್ ಮೌಂಟಿನ (ಬಾಡಿಗೆ ಲೆನ್ಸು ಕೂರುವ ಲೋಹದ ಉಂಗುರ) ಸುತ್ತ ಕಾಣುವ ಸಣ್ಣ ಸ್ಕ್ರೂಗಳು, ಟ್ರೈಪಾಡ್ ಪ್ಲೇಟಿನ ಸ್ಕ್ರೂ, ಕನ್ನಡಕದ ಕೀಲಿನ ಸ್ಕ್ರೂ ಕೂಡ. ಲೆನ್ಸನ್ನು ಬಾಡಿಗೆ ಹಾಕಿ ಮುಂದಿನ ಅಂಚು ಹಿಡಿದು ಮೇಲೆ ಕೆಳಗೆ ಒತ್ತಿ ನೋಡಿ. ಮೊದಲಿಗಿಂತ ಹೆಚ್ಚು ಆಡುತ್ತಿದ್ದರೆ ಮೌಂಟ್ ಸಡಿಲಾಗಿದೆ ಎಂದರ್ಥ. ಸ್ಕ್ರೂವಿನ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದೆ ಕೈ ಹಾಕಬೇಡಿ, ಒಮ್ಮೆ ತಲೆ ಸವೆದರೆ ಸರ್ವಿಸ್ ಸೆಂಟರೇ ಗತಿ. ಇನ್ನೊಂದು ತಪ್ಪು: 70-200 ಅನ್ನು ಬಾಡಿಗೆ ಹಾಕಿದ ಹಾಗೇ ಅಡ್ಡ ಮಲಗಿಸಿ ಒಯ್ಯುವುದು. ಒಂದು ಕೆಜಿಗೂ ಮೀರಿದ ಲೆನ್ಸು ಪ್ರತಿ ಉಬ್ಬಿನಲ್ಲೂ ಹಾರೆಯ ಹಾಗೆ ಮೌಂಟನ್ನು ಮೀಟುತ್ತದೆ. ಸೈಕಲ್ ಮೇಲೆ ದೊಡ್ಡ ಲೆನ್ಸು ಬಾಡಿಯಿಂದ ಬೇರೆಯಾಗಿ, ನೆಟ್ಟಗೆ ನಿಂತೇ ಬರಬೇಕು.

ಬ್ಯಾಗಿಗಿಂತ ಹೆಚ್ಚು ವ್ಯತ್ಯಾಸ ಮಾಡುವುದು ಟೈರು. ಇದನ್ನು ಯಾವ ಬ್ಯಾಗ್ ಕಂಪನಿಯೂ ಹೇಳುವುದಿಲ್ಲ, ಹೇಳಿದರೆ ಅವರಿಗೇನು ಲಾಭ. ಸುಮಾರು 70 ಕೆಜಿ ತೂಕದ ಸವಾರ 28 ಮಿ.ಮೀ. ಟೈರಿಗೆ 80-85 ಪಿಎಸ್‌ಐ ಗಾಳಿ ತುಂಬಿಸಿ ಪ್ಯಾನಿಯರ್ ಹೊರೆಸಿದರೆ ಲೆನ್ಸುಗಳು ತಾಳ ಹಾಕುತ್ತವೆ. ಅದೇ ಪ್ಯಾನಿಯರ್, ಅದೇ ರಸ್ತೆ, 42 ಮಿ.ಮೀ. ಟೈರು, 40-45 ಪಿಎಸ್‌ಐ: ಸದ್ದೇ ಇಲ್ಲ. ಹಿಂದಿನ ಟೈರಿಗೆ ಭಾರ ಹೆಚ್ಚು ಬೀಳುವುದರಿಂದ ಮುಂದಿನದಕ್ಕಿಂತ ನಾಲ್ಕೈದು ಪಿಎಸ್‌ಐ ಜಾಸ್ತಿ ಇರಲಿ. ತೀರಾ ಇಳಿಸಿದರೆ ಗುಂಡಿಯ ಅಂಚಿಗೆ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ನಿಮ್ಮ ಫ್ರೇಮಿನಲ್ಲಿ ಎಷ್ಟು ಅಗಲದ ಟೈರು ಹಿಡಿಸುತ್ತದೆ ಎಂದು ಮೊದಲು ಅಳೆಯಿರಿ, ಬ್ಯಾಗಿನ ಮಾತು ಆಮೇಲೆ. ಮಡ್‌ಗಾರ್ಡ್ ಇದ್ದರೆ ಟೈರಿನ ಮೇಲೆ ಐದಾರು ಮಿ.ಮೀ. ಜಾಗ ಬೇಕು.

ಬೆನ್ನಿನ ಬ್ಯಾಗು

ಸಾಮಾನಿಗೆ ಇದೇ ಅತಿ ಸುಖದ ಜಾಗ. ಸೈಕಲ್ ನಿಲ್ಲಿಸಿ ಬೀಗ ಹಾಕಿ ನೇರ ನಡೆದು ಹೋಗಬಹುದು, ಇಳಿಸುವ ಕೆಲಸವಿಲ್ಲ, ಮರೆತು ಬರುವ ಭಯವಿಲ್ಲ. ಮೆಟ್ಟಿಲು, ರೈಲು, ಜನಜಂಗುಳಿ ಎಲ್ಲಕ್ಕೂ ಸೈ.

ಮೈಗೆ ಮಾತ್ರ ಇದೇ ಅತಿ ಕಷ್ಟದ್ದು. ನಾಲ್ಕು ಕೆಜಿವರೆಗೆ ಏನೂ ಅನ್ನಿಸುವುದಿಲ್ಲ. ಆರು ದಾಟಿದರೆ ಅರ್ಧ ಗಂಟೆಯಲ್ಲಿ ಕುತ್ತಿಗೆ ಬಿಗಿಯುತ್ತದೆ. ಎಂಟೂವರೆ ಕೆಜಿ ಹೊತ್ತು ಬಾಗಿ ತುಳಿದರೆ ಭಾರವೆಲ್ಲ ಭುಜದಿಂದ ತೋಳಿಗೆ, ತೋಳಿನಿಂದ ಅಂಗೈಗೆ ಇಳಿಯುತ್ತದೆ. ಅಂಗೈಯ ಹೊರ ಅಂಚಿನಲ್ಲಿ ಹಾಯುವ ನರ ಒತ್ತಿಹೋಗಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಉಳಿದವರಿಗೆ ಅದು ಸಣ್ಣ ಕಿರಿಕಿರಿ ಇರಬಹುದು. ಕ್ಯಾಮೆರಾದ ಗ್ರಿಪ್ಪನ್ನು ಭದ್ರವಾಗಿ ಹಿಡಿಯುವುದು ಆ ಎರಡು ಬೆರಳೇ. ಮೆತ್ತೆ ಇರುವ ಗ್ಲೌಸು, ಹ್ಯಾಂಡಲ್ ಒಂದೆರಡು ಸೆಂಟಿಮೀಟರ್ ಎತ್ತರಿಸುವುದು, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸುವುದು, ಇವು ಸ್ವಲ್ಪ ಉಪಶಮನ ಕೊಡುತ್ತವೆ. ಭಾರ ಇಳಿಸುವುದೊಂದೇ ನಿಜವಾದ ಮದ್ದು.

ಬೆವರು ಇನ್ನೊಂದು ತಲೆನೋವು. ಬೆನ್ನಿಗೆ ತಾಗುವ ಕಡೆಯಿಂದ ತೆರೆಯುವ ಕ್ಯಾಮೆರಾ ಬ್ಯಾಗುಗಳು ಕಳ್ಳತನಕ್ಕೆ ಒಳ್ಳೆಯ ತಡೆ ಎಂದು ಮಾರಾಟವಾಗುತ್ತವೆ, ಅದು ಸರಿಯೂ ಹೌದು. ಆದರೆ ಸೈಕಲ್ ತುಳಿದು ಬಂದ ಮೇಲೆ ಆ ಬಾಗಿಲಿನ ಜಿಪ್ಪೇ ಒದ್ದೆ. ತೆರೆದ ಕೂಡಲೇ ಆ ತೇವ ಲೆನ್ಸಿನ ಪಕ್ಕ ಕೂರುತ್ತದೆ. ಸೈಕಲ್ಲಿಗಾದರೆ ಪಕ್ಕದಿಂದ ತೆರೆಯುವ ಬ್ಯಾಗೇ ವಾಸಿ. ಒಂದು ಪಟ್ಟಿ ಜಾರಿಸಿ ಬ್ಯಾಗನ್ನು ಮುಂದಕ್ಕೆ ತಿರುಗಿಸಿದರೆ ಹತ್ತು ಸೆಕೆಂಡಿನೊಳಗೆ ಕ್ಯಾಮೆರಾ ಕೈಗೆ ಬರುತ್ತದೆ.

ಕೊಳ್ಳುವ ಮುಂಚೆ ಹೆಲ್ಮೆಟ್ ಹಾಕಿಕೊಂಡು, ಸೈಕಲ್ ಮೇಲೆ ಕೂತ ಹಾಗೆ ಬಾಗಿ ತಲೆ ಎತ್ತಿ ನೋಡಿ. ಎತ್ತರದ ಬ್ಯಾಗಿನ ತಲೆಗೆ ಹೆಲ್ಮೆಟ್ಟಿನ ಹಿಂಭಾಗ ಬಡಿದರೆ ಮುಂದಿನ ರಸ್ತೆ ಕಾಣುವುದಿಲ್ಲ. ಅಂಗಡಿಯಲ್ಲಿ ನೆಟ್ಟಗೆ ನಿಂತು ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಎದೆಯ ಪಟ್ಟಿ ಕಡ್ಡಾಯ. ಸೊಂಟದ ಪಟ್ಟಿ ಬಾಗಿದ ಭಂಗಿಯಲ್ಲಿ ಭಾರ ಹೊರುವುದಿಲ್ಲ, ಬ್ಯಾಗು ಆ ಕಡೆ ಈ ಕಡೆ ತೂಗದಂತೆ ತಡೆಯುತ್ತದೆ ಅಷ್ಟೆ. ಬಿದ್ದರೆ ಏನಾಗುತ್ತದೆ ಅನ್ನುವುದನ್ನೂ ಯೋಚಿಸಿಯೇ ತುಂಬಬೇಕು: ಟ್ರೈಪಾಡ್ ಹೆಡ್ಡು, ಕಬ್ಬಿಣದ ಬೀಗದಂಥ ಗಟ್ಟಿ ಸಾಮಾನು ಬೆನ್ನೆಲುಬಿನ ನೇರಕ್ಕೆ ಇರಲೇಬಾರದು. ಬೆನ್ನಿನ ಕಡೆಗೆ ಲ್ಯಾಪ್‌ಟಾಪು, ಅದರಾಚೆ ಲೆನ್ಸು.

ಸ್ಲಿಂಗ್, ಸೊಂಟದ ಚೀಲ, ಭುಜಪಟ್ಟಿಯ ಕ್ಲಿಪ್

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ದಶಕಗಳ ಕಾಲ ಬೀದಿಯ ಉಡುಪುಗಳ ಚಿತ್ರ ತೆಗೆದ ಬಿಲ್ ಕನಿಂಗ್‌ಹ್ಯಾಮ್ (1929-2016) ಸೈಕಲ್ ತುಳಿಯುತ್ತಲೇ ಕೆಲಸ ಮಾಡಿದವರು. ಅವರ ಏರ್ಪಾಟು ಕತ್ತಿಗೆ ನೇತುಬಿದ್ದ ಒಂದು ಕ್ಯಾಮೆರಾ. ಸರಳ ಅನ್ನಿಸುತ್ತದೆ, ಆದರೆ ಇದು ಒಂದು ಬಾಡಿ, ಒಂದು ಸಣ್ಣ ಲೆನ್ಸಿಗೆ ಮಾತ್ರ ನಡೆಯುವ ಲೆಕ್ಕ. ಬಾಡಿ ಮತ್ತು 35 ಮಿ.ಮೀ. ಸೇರಿ ಒಂದೂ ಕಾಲು ಕೆಜಿ ಒಳಗಿದ್ದರೆ ಸ್ಲಿಂಗಿನಷ್ಟು ಚುರುಕಾದದ್ದು ಬೇರೆ ಇಲ್ಲ. ಒಂದು ಕಾಲು ನೆಲಕ್ಕೂರಿ ಮೂರ್ನಾಲ್ಕು ಸೆಕೆಂಡಿನಲ್ಲಿ ಮೊದಲ ಫ್ರೇಮು.

ಇದರ ಗುಟ್ಟು ಇನ್ನೊಂದು ಸಣ್ಣ ಪಟ್ಟಿಯಲ್ಲಿದೆ. ಬರೀ ಅಡ್ಡಪಟ್ಟಿಯ ಚೀಲ ನೆಟ್ಟಗೆ ಕೂತು ತುಳಿಯುವಾಗ ಬೆನ್ನ ಮೇಲೆ ಇರುತ್ತದೆ, ಏರಿನಲ್ಲಿ ಎದ್ದು ನಿಂತು ತುಳಿದ ಕೂಡಲೇ ಜಾರಿ ಹೊಟ್ಟೆಯ ಕೆಳಗೆ ಬಂದು ಮಂಡಿಗೆ ಬಡಿಯುತ್ತದೆ. ಬ್ರೇಕ್ ಹಿಡಿಯುವ ಹೊತ್ತಿನಲ್ಲಿ ಹೀಗಾದರೆ ಅಪಾಯ. ಕಂಕುಳಡಿಯಿಂದ ಹಾಯ್ದು ಅಡ್ಡಪಟ್ಟಿಗೆ ಸೇರುವ ಸಣ್ಣ ಪಟ್ಟಿ ಇರುವ ಚೀಲವನ್ನೇ ಆರಿಸಿ. ಸೊಂಟದ ಚೀಲಕ್ಕೆ ಈ ಕಾಟವಿಲ್ಲ, ಆದರೆ ಎರಡು ಕೆಜಿ ಮೀರಿದರೆ ಕೆಳಕ್ಕೆ ಜಗ್ಗಿ ಪ್ಯಾಂಟನ್ನೂ ಜೊತೆಗೆ ಎಳೆಯುತ್ತದೆ.

ಭುಜಪಟ್ಟಿಗೆ ಸಿಕ್ಕಿಸುವ ಲೋಹದ ಕ್ಲಿಪ್ಪು ನಡೆಯುವವರಿಗೆ ಮಾಡಿದ ಸಾಮಾನು. ಸೈಕಲ್ ಮೇಲೆ ಲೆನ್ಸು ಎದೆಗೂ ಹ್ಯಾಂಡಲ್‌ಗೂ ನಡುವೆ ತೂಗುತ್ತದೆ, ಮುಂದಿನ ಚಕ್ರ ಎರಚುವ ದೂಳೆಲ್ಲ ಅದಕ್ಕೇ, ಮುಗ್ಗರಿಸಿದರೆ ಪಕ್ಕೆಲುಬಿಗೆ ಮೊದಲು ತಗುಲುವುದೂ ಅದೇ. ಬೇಡ.

ಹ್ಯಾಂಡಲ್ ಬ್ಯಾಗು

ಕಣ್ಣೆದುರೇ ಇರುತ್ತದೆ, ಮುಚ್ಚಳ ತೆರೆದರೆ ಕ್ಯಾಮೆರಾ. ಬೆನ್ನಿಗೆ ಗಾಳಿಯಾಡುತ್ತದೆ. ಪ್ರವಾಸಿ ಸೈಕಲ್ ಸವಾರರ ಅಚ್ಚುಮೆಚ್ಚು ಇದು, ಸುಮ್ಮನೆ ಅಲ್ಲ. ಬಟನ್ ಒತ್ತಿ ಕಳಚುವ ಮೌಂಟುಗಳಿಗೆ ತಯಾರಕರು ಕೊಡುವ ಮಿತಿ ಸಾಮಾನ್ಯವಾಗಿ 5ರಿಂದ 7 ಕೆಜಿ, ಅದೂ ಬ್ಯಾಗಿನ ತೂಕ ಸೇರಿ. ಮೌಂಟು ಅಷ್ಟು ಹೊರುತ್ತದೆ ಎಂದ ಮಾತ್ರಕ್ಕೆ ಸೈಕಲ್ ಅಷ್ಟು ಹೊತ್ತು ನೆಟ್ಟಗೆ ಓಡುತ್ತದೆ ಎಂದಲ್ಲ. ಮೂರು ಕೆಜಿ ದಾಟಿದರೆ ನಿಧಾನದ ತಿರುವಿನಲ್ಲಿ ಹ್ಯಾಂಡಲ್ ತಾನಾಗಿಯೇ ಒಂದು ಕಡೆ ವಾಲುತ್ತದೆ, ಇಳಿಜಾರಿನ ವೇಗದಲ್ಲಿ ಮುಂಭಾಗ ನಡುಗಲು ಶುರುಮಾಡುತ್ತದೆ. ಒಂದು ಬಾಡಿ, 24-70, ನಾಲ್ಕು ಬ್ಯಾಟರಿ. ಇಷ್ಟಕ್ಕೆ ನಿಲ್ಲಿಸಿ.

ಅದುರಿನ ಲೆಕ್ಕದಲ್ಲಿ ಇದು ಬೆನ್ನಿಗೂ ಪ್ಯಾನಿಯರ್‌ಗೂ ಮಧ್ಯೆ. ಮುಂದಿನ ಚಕ್ರದ ಮೇಲೆ ಸವಾರನ ಭಾರ ಕಡಿಮೆ, ಹ್ಯಾಂಡಲ್ ಹಿಡಿದ ಕೈಗಳೂ ಕೊಂಚ ಮೆತ್ತೆಯಾಗುತ್ತವೆ. ಜಲ್ಲಿಯ ಮೇಲೆ ಮಾತ್ರ ಮೌಂಟಿನ ಪ್ಲಾಸ್ಟಿಕ್ಕು ಕಟಕಟ ಎನ್ನುತ್ತಾ ಇರುತ್ತದೆ. ಬ್ಯಾಗಿನ ತಳದಿಂದ ಒಂದು ಪಟ್ಟಿ ಎಳೆದು ಫ್ರೇಮಿನ ತಲೆಗೊಳವೆಗೆ (ಹ್ಯಾಂಡಲ್‌ನ ಕೆಳಗೆ ಫ್ರೇಮಿನ ಮುಂತುದಿಯ ಕೊಳವೆ) ಬಿಗಿದರೆ ಮುಕ್ಕಾಲು ಸದ್ದು ನಿಲ್ಲುತ್ತದೆ. ತುಂಬಾ ಬಿಗಿದರೆ ಹ್ಯಾಂಡಲ್ ತಿರುಗುವುದಿಲ್ಲ, ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿಯೇ ಹೊರಡಿ.

ಹಾಕುವಾಗ ಎಡವುವುದು ಕೇಬಲ್ ವಿಷಯದಲ್ಲಿ. ಬ್ಯಾಗಿನ ಹಿಂಬದಿ ಬ್ರೇಕ್ ಕೇಬಲ್ಲನ್ನು ಒತ್ತಿ ಚೂಪಾಗಿ ಬಗ್ಗಿಸಿದರೆ ಬ್ರೇಕ್ ಲಿವರ್ ಬಿಟ್ಟ ಮೇಲೂ ಪ್ಯಾಡು ರಿಮ್ಮಿಗೆ ಅಂಟಿಕೊಂಡಿರುತ್ತದೆ. ಗೇರು ಹಾರುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಹ್ಯಾಂಡಲ್‌ಗೂ ಬ್ಯಾಗಿಗೂ ನಡುವೆ ಎರಡು ಬೆರಳು ಜಾಗ ಉಳಿಯಲಿ. ಕಾರ್ಬನ್ ಹ್ಯಾಂಡಲ್ ಆದರೆ ಬಿಗಿಯುವ ಮೌಂಟುಗಳ ಗೋಜಿಗೇ ಹೋಗಬೇಡಿ. ಮುಂದೀಪ ಬ್ಯಾಗಿನ ಹಿಂದೆ ಮರೆಯಾಗುತ್ತದೆ, ಅದನ್ನು ಫೋರ್ಕಿಗೆ ಇಳಿಸಬೇಕು.

ನಿಲ್ಲಿಸಿದಾಗ ಇನ್ನೊಂದು ಪೀಕಲಾಟ. ಮುಂದೆ ಭಾರ ಇರುವ ಸೈಕಲನ್ನು ಗೋಡೆಗೆ ಒರಗಿಸಿದರೆ ಮುಂದಿನ ಚಕ್ರ ಮೆಲ್ಲನೆ ಹೊರಳಿ ಇಡೀ ಸೈಕಲ್ ಜಾರಿ ಬೀಳುತ್ತದೆ, ನೆಲಕ್ಕೆ ಮೊದಲು ತಾಗುವುದು ಕ್ಯಾಮೆರಾ ಇರುವ ಬ್ಯಾಗೇ. ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆಯೊಂದು ಹ್ಯಾಂಡಲ್‌ನಲ್ಲಿ ಸದಾ ಇರಲಿ. ನಿಲ್ಲಿಸಿದ ಕೂಡಲೇ ಮುಂದಿನ ಬ್ರೇಕ್ ಲಿವರನ್ನು ಒತ್ತಿ ಅದರಲ್ಲಿ ಸಿಕ್ಕಿಸಿದರೆ ಅದೇ ಪಾರ್ಕಿಂಗ್ ಬ್ರೇಕ್.

ಬ್ರಾಂಪ್ಟನ್‌ನಂಥ ಮಡಚುವ ಸೈಕಲ್ಲುಗಳಲ್ಲಿ ಮುಂದಿನ ಬ್ಯಾಗು ಹ್ಯಾಂಡಲ್‌ಗೆ ಅಲ್ಲ, ಫ್ರೇಮಿನ ತಲೆಗೊಳವೆಗೆ ಸಿಕ್ಕಿಸಿದ ಬ್ಲಾಕಿನ ಮೇಲೆ ಕೂರುತ್ತದೆ. ಹ್ಯಾಂಡಲ್ ತಿರುಗಿದರೂ ಬ್ಯಾಗು ತಿರುಗುವುದಿಲ್ಲ, ಹಾಗಾಗಿ 10 ಕೆಜಿವರೆಗೆ ಹಾಕಬಹುದು, ವಾಲಾಟವಿಲ್ಲ. ರೈಲು ಹತ್ತಿ ಇಳಿದು ಕೆಲಸ ಮಾಡುವವರಿಗೆ ಇದನ್ನು ಮೀರಿಸುವುದು ಸಿಕ್ಕಿಲ್ಲ. 16 ಇಂಚಿನ ಚಕ್ರ ಗುಂಡಿಗೆ ಆಳವಾಗಿ ಇಳಿಯುತ್ತದೆ, ಒಡೆದ ರಸ್ತೆಗೆ ಅದು ಹೇಳಿ ಮಾಡಿಸಿದ್ದಲ್ಲ.

ಪ್ಯಾನಿಯರ್

ಐದು ಕೆಜಿ ಮೀರಿದ ಸಾಮಾನಿಗೆ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಭಾರ ಕೆಳಗೆ ಇಳಿಯುತ್ತದೆ, ಬೆನ್ನು ಖಾಲಿ, ಅಂಗಿ ಒಣಗಿರುತ್ತದೆ, ಕೈ ನಡುಗುವುದಿಲ್ಲ. ಅದುರು ಮಾತ್ರ ಪೂರ್ತಿ ಸಾಮಾನಿಗೆ. ಹಾಗಾಗಿ ಪ್ಯಾನಿಯರ್ ಕೊಂಡು ಸಿಕ್ಕಿಸಿದರೆ ಕೆಲಸ ಮುಗಿಯುವುದಿಲ್ಲ, ಅದನ್ನು ಕ್ಯಾಮೆರಾಗೆ ಒಗ್ಗಿಸಬೇಕು.

ಕ್ಯಾರಿಯರ್‌ನಿಂದ ಶುರು ಮಾಡೋಣ. ಕ್ಯಾರಿಯರ್‌ನ ಮೇಲೆ ಕೆತ್ತಿರುವ ಮಿತಿ ನೋಡಿ, 25 ಕೆಜಿ ಎಂದಿದ್ದರೆ ಈ ಕೆಲಸಕ್ಕೆ ಧಾರಾಳ ಸಾಕು. ಸೀಟಿನ ಕೊಳವೆಗೆ ಕ್ಲಾಂಪ್ ಆಗುವ, ಕೆಳಗೆ ಕಾಲಿಲ್ಲದ ಕ್ಯಾರಿಯರ್‌ಗೆ ಪ್ಯಾನಿಯರ್ ಹಾಕಬೇಡಿ, ಅದು ಪಕ್ಕಕ್ಕೆ ತಿರುಗಿ ಚಕ್ರಕ್ಕೆ ಉಜ್ಜುತ್ತದೆ. ಬೋಲ್ಟುಗಳು ಹೆಚ್ಚಾಗಿ ಎಂ5. ಬಿಚ್ಚಿ, ಎಣ್ಣೆ ಒರೆಸಿ, ನೀಲಿ ಬಣ್ಣದ ಥ್ರೆಡ್‌ಲಾಕರ್ (ಬೋಲ್ಟು ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ 5-6 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಕೆಂಪು ಬಣ್ಣದ್ದು ಬೇಡ, ಮತ್ತೆ ಬಿಚ್ಚಲು ಕಾಯಿಸಬೇಕಾಗುತ್ತದೆ. ಮೊದಲ 50 ಕಿ.ಮೀ. ಆದ ಮೇಲೆ ಅಲೆನ್ ಕೀ ಇಟ್ಟು ಒಮ್ಮೆ ನೋಡಿ. ಸಡಿಲಾಗುವುದಿದ್ದರೆ ಅಷ್ಟರೊಳಗೇ ಆಗಿರುತ್ತದೆ. ಒಂದೆರಡು ಎಂ5 ಬೋಲ್ಟು ಬ್ಯಾಗಿನಲ್ಲಿ ಇದ್ದೇ ಇರಲಿ.

ಕೊಕ್ಕೆಯ ಒಳಅಳತೆಗೂ ಕ್ಯಾರಿಯರ್‌ನ ಸರಳಿನ ದಪ್ಪಕ್ಕೂ ಹೊಂದಿಕೆ ಇರಬೇಕು. ಸರಳುಗಳು 8, 10, 12 ಮಿ.ಮೀ. ಹೀಗೆ ಬರುತ್ತವೆ, ಒಳ್ಳೆಯ ಪ್ಯಾನಿಯರ್‌ಗಳ ಜೊತೆ ಕೊಕ್ಕೆಗೆ ಹಾಕುವ ಪ್ಲಾಸ್ಟಿಕ್ ತುಂಡುಗಳನ್ನು ಕೊಟ್ಟಿರುತ್ತಾರೆ. ಆ ಪೊಟ್ಟಣವನ್ನು ಬಿಚ್ಚದೆ ಎಸೆಯುವವರೇ ಹೆಚ್ಚು. ಎರಡು ಮಿ.ಮೀ. ಸಡಿಲ ಇದ್ದರೂ ಪ್ರತಿ ಉಬ್ಬಿನಲ್ಲಿ ಬ್ಯಾಗು ಹಾರಿ ಬೀಳುತ್ತದೆ, ಪ್ರತಿ ಬಾರಿಯೂ ಅದೊಂದು ಸಣ್ಣ ಸುತ್ತಿಗೆ ಪೆಟ್ಟು. ಪ್ಲಾಸ್ಟಿಕ್ ತುಂಡು ಕಳೆದಿದ್ದರೆ ಹಳೇ ಟ್ಯೂಬನ್ನು ಉದ್ದುದ್ದ ಸೀಳಿ ಸರಳಿನ ಮೇಲೆ ಸುತ್ತಿ, ಕೊಕ್ಕೆ ಕೂರುವಾಗ ಸ್ವಲ್ಪ ಒತ್ತಬೇಕಾಗುವಷ್ಟು. ಕೆಳಗಿನ ಮೂರನೆಯ ಕೊಕ್ಕೆ ಕ್ಯಾರಿಯರ್‌ನ ಕಾಲಿನ ಹಿಂದೆ ಸರಿಯಾಗಿ ಸಿಕ್ಕಿದೆಯೋ ಎಂದು ಬಗ್ಗಿ ನೋಡಿ. ಅದು ಸಿಕ್ಕದಿದ್ದರೆ ತಿರುವಿನಲ್ಲಿ ಬ್ಯಾಗು ಹೊರಕ್ಕೆ ಬೀಸುತ್ತದೆ.

ಇನ್ನು ಒಳಗಿನ ಮೆತ್ತೆ. ಮಾಮೂಲಿ ಪ್ಯಾನಿಯರ್ ಒಂದು ಖಾಲಿ ಚೀಲ, ಕ್ಯಾಮೆರಾ ಮೆತ್ತೆಯ ಪೆಟ್ಟಿಗೆಯನ್ನು ಬೇರೆಯಾಗಿ ಇಳಿಸಬೇಕು. ಗೋಡೆಗೆ 10-15 ಮಿ.ಮೀ. ಫೋಮ್ ಸಾಕು. ತಳಕ್ಕೆ ಸಾಲದು, ಅಲ್ಲಿ 30 ಮಿ.ಮೀ. ಬೇಕು, ಯಾಕೆಂದರೆ ಪೆಟ್ಟೆಲ್ಲ ಬರುವುದು ಕೆಳಗಿನಿಂದ. ಯೋಗ ಚಾಪೆಯ ತುಂಡು, ಅದರ ಮೇಲೆ ಮೆತ್ತನೆಯ ಸ್ಪಂಜು, ಹೀಗೆ ಎರಡು ಪದರ ಹಾಕಿದರೆ ಒಂದೇ ದಪ್ಪ ಫೋಮಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ: ಸ್ಪಂಜು ಸಣ್ಣ ಅದುರನ್ನು ಕುಡಿಯುತ್ತದೆ, ಚಾಪೆ ದೊಡ್ಡ ಪೆಟ್ಟು ತಳ ಮುಟ್ಟದಂತೆ ತಡೆಯುತ್ತದೆ. ಅಗ್ಗದ ಸ್ಪಂಜು ವರ್ಷದಲ್ಲಿ ಪುಡಿ ಉದುರಿಸುತ್ತದೆ, ಆ ಪುಡಿ ನೇರ ಲೆನ್ಸ್ ಮೌಂಟಿಗೆ ಹೋಗುತ್ತದೆ, ಅದನ್ನು ಬಟ್ಟೆಯ ಚೀಲದೊಳಗೆ ಹೊಲಿದೇ ಹಾಕಿ.

ತುಂಬುವಾಗ ಭಾರದ ಲೆನ್ಸು ತಳದಲ್ಲಿ, ಚಕ್ರದ ಕಡೆಗೆ, ನೆಟ್ಟಗೆ. ಬಾಡಿಗಳು ಮೇಲೆ. ಯಾವುದೂ ಒಂದಕ್ಕೊಂದು ತಾಗಬಾರದು, ಯಾವುದೂ ಅಲುಗಲೂ ಬಾರದು. ಮುಚ್ಚಿದ ಮೇಲೆ ಚೀಲವನ್ನು ಎತ್ತಿ ಒಮ್ಮೆ ಕುಲುಕಿ, ಸದ್ದು ಬಂದರೆ ಸಂದಿಗೆ ಟವೆಲ್ಲೋ ಜಾಕೆಟ್ಟೋ ತುರುಕಿ. ಎದುರು ಬದಿಯ ಪ್ಯಾನಿಯರ್‌ನಲ್ಲಿ ಬೀಗ, ಪಂಪು, ಲ್ಯಾಪ್‌ಟಾಪು, ನೀರು. ಎರಡು ಕಡೆಗೂ ಒಂದು ಕೆಜಿವರೆಗೆ ವ್ಯತ್ಯಾಸ ಇದ್ದರೆ ನಡೆಯುತ್ತದೆ, ಆರು ಕೆಜಿ ಒಂದೇ ಕಡೆ ಹಾಕಿದರೆ ಸೈಕಲ್ ಹಿಡಿದು ನಡೆಯುವಾಗಲೇ ತೋಳು ಸೋಲುತ್ತದೆ. ಕ್ಯಾಮೆರಾ ಚೀಲ ಚೈನಿನ ಎದುರು ಬದಿಗೆ ಇರಲಿ, ಗ್ರೀಸು ಅಂಟುವುದಿಲ್ಲ.

ಹಿಮ್ಮಡಿ ತಾಗುವುದು ಸಾಮಾನ್ಯ ದೂರು. ಪೆಡಲ್ ತಿರುಗುವ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗಿನ ಫ್ರೇಮಿನ ಕಡ್ಡಿ 430 ಮಿ.ಮೀ.ಗಿಂತ ಗಿಡ್ಡ ಇದ್ದು, ಪಾದ ಉದ್ದ ಇದ್ದರೆ ಪ್ರತಿ ಸುತ್ತಿಗೂ ಹಿಮ್ಮಡಿ ಬ್ಯಾಗಿಗೆ ಬಡಿಯುತ್ತದೆ. ಕೊಕ್ಕೆಗಳನ್ನು ಸರಿಸಿ ಬ್ಯಾಗನ್ನು ಹಿಂದಕ್ಕೆ ತಳ್ಳಬಹುದು. ತೀರಾ ಹಿಂದೆ ಹೋದರೆ ಭಾರ ಅಚ್ಚಿನಾಚೆ ಬಿದ್ದು ಸೈಕಲ್ ಬಾಲ ಅಲ್ಲಾಡಿಸುತ್ತದೆ.

ಮಳೆಗೆ ಬಾಯಿ ಸುತ್ತಿ ಮಡಚುವ ಚೀಲವೇ ಸರಿ. ಮೂರು ಸುತ್ತು ಸುತ್ತಿ ಬಕಲ್ ಹಾಕಿದರೆ ಮಳೆ ಒಳಬರುವುದಿಲ್ಲ. ಜಿಪ್ ಇರುವ ಚೀಲದ ಮೇಲೆ ಹೊದಿಕೆ ಹಾಕುವುದೂ ಉಂಟು, ಆದರೆ ಚಕ್ರ ಕೆಳಗಿನಿಂದ ಎರಚುವ ನೀರಿಗೆ ಹೊದಿಕೆ ಉತ್ತರವಲ್ಲ. ಸುತ್ತುವ ಬಾಯಿಗೆ ಒಂದೇ ಶಿಕ್ಷೆ, ನಿಧಾನ. ಇಳಿದು, ಸ್ಟ್ಯಾಂಡ್ ಹಾಕಿ, ಬಕಲ್ ಬಿಚ್ಚಿ, ಸುತ್ತು ಬಿಡಿಸಿ, ಮೆತ್ತೆಯ ಮುಚ್ಚಳ ತೆಗೆದು ಕ್ಯಾಮೆರಾ ಕಣ್ಣಿಗೆ ಬರುವಷ್ಟರಲ್ಲಿ ಅರ್ಧ ನಿಮಿಷ. ಹಕ್ಕಿ ಹಾರಿರುತ್ತದೆ. ಇನ್ನು ಕೆಳಗಿಳಿಸಿ ಹೆಗಲಿಗೆ ಹಾಕಿಕೊಂಡು ನಡೆದರೆ ಹಿಂಬದಿಯ ಕೊಕ್ಕೆಗಳು ಸೊಂಟಕ್ಕೆ ಚುಚ್ಚುತ್ತವೆ, ಕೊಕ್ಕೆ ಇರುವ ಮುಖವನ್ನು ಹೊರಗೆ ಮಾಡಿ ಹಾಕಿಕೊಳ್ಳಬೇಕು. ಸೈಕಲ್ಲಿನಲ್ಲೇ ಬಿಟ್ಟು 'ಈಗ ಬಂದೆ' ಎಂದು ಹೋಗುವ ಮಾತಂತೂ ಬೇಡ, ಪ್ಯಾನಿಯರ್ ಕಳಚಲು ಕಳ್ಳನಿಗೆ ಸಾಕಾಗುವುದು ಎರಡು ಸೆಕೆಂಡು.

ಒಂದು ಕಾಲಿನ ಸ್ಟ್ಯಾಂಡು ಪ್ಯಾನಿಯರ್ ಭಾರಕ್ಕೆ ನಿಲ್ಲುವುದಿಲ್ಲ, ಮೆತ್ತಗಿನ ಮಣ್ಣಿನಲ್ಲಂತೂ ಹೂತು ಹೋಗುತ್ತದೆ. ಎರಡು ಕಾಲಿನದನ್ನು ಹಾಕಿಸಿ. ಬಿದ್ದ ಸೈಕಲ್ಲಿನ ಪ್ಯಾನಿಯರ್ ನೆಲಕ್ಕೆ ಅಪ್ಪಳಿಸುವುದು ಪಕ್ಕದ ಗೋಡೆಯ ಮೇಲೆ, ಆ ಹೊರಗೋಡೆಗೆ ಇನ್ನೊಂದು ಪದರ ಫೋಮ್ ಹಾಕಿದರೆ ನಷ್ಟವಿಲ್ಲ.

ಟ್ರೇಲರ್, ಕಾರ್ಗೋ ಸೈಕಲ್

ಲೈಟ್ ಸ್ಟ್ಯಾಂಡು, ಸಾಫ್ಟ್‌ಬಾಕ್ಸು, ಬ್ಯಾಟರಿ ಲೈಟು, ಬ್ಯಾಕ್‌ಡ್ರಾಪ್ ಕೋಲು ಇರುವ ಕೆಲಸಕ್ಕೆ ಮೇಲಿನ ನಾಲ್ಕೂ ನಡೆಯುವುದಿಲ್ಲ. ಮಡಚಿದ ಸ್ಟ್ಯಾಂಡೇ ಮುಕ್ಕಾಲರಿಂದ ಒಂದು ಮೀಟರ್ ಉದ್ದ.

ಒಂದು ಚಕ್ರದ ಟ್ರೇಲರ್ ಸೈಕಲ್ ಜೊತೆಗೇ ವಾಲುತ್ತದೆ, ಕಿರಿದಾದ ಹಾದಿಯಲ್ಲಿ ನುಸುಳುತ್ತದೆ, ಸುಮಾರು 30 ಕೆಜಿ ಹೊರುತ್ತದೆ. ನಿಲ್ಲಿಸುವಾಗ ಮಾತ್ರ ಸೈಕಲನ್ನೂ ಬೀಳಿಸುತ್ತದೆ. ಎರಡು ಚಕ್ರದ್ದು 45 ಕೆಜಿ ಆಸುಪಾಸು ಹೊರುತ್ತದೆ, ಕಳಚಿಟ್ಟರೂ ನಿಲ್ಲುತ್ತದೆ, ಆದರೆ ತಿರುವಿನಲ್ಲಿ ಒಳಚಕ್ರ ಕಲ್ಲಿನ ಅಂಚು ಹತ್ತಿದರೆ ಮಗುಚುತ್ತದೆ. ಟ್ರೇಲರ್ ಸೈಕಲ್ಲಿಗಿಂತ ಅಗಲ ಅನ್ನುವುದು ತುಳಿಯುವವರಿಗೆ ಮರೆತೇ ಹೋಗುವುದು ಇದಕ್ಕೆ ಮುಖ್ಯ ಕಾರಣ. ಭಾರವನ್ನು ಟ್ರೇಲರ್ ಅಚ್ಚಿನಿಂದ ತುಸು ಮುಂದಕ್ಕೆ ಇಡಿ. ಹಿಂದಕ್ಕೆ ಇಟ್ಟರೆ ಕೊಂಡಿ ಸೈಕಲ್ಲಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಜಾರುತ್ತದೆ. ಖಾಲಿ ಟ್ರೇಲರ್ ತುಂಬಿದ್ದಕ್ಕಿಂತ ಹೆಚ್ಚು ಕುಣಿಯುತ್ತದೆ, ತುಂಬಿದ್ದೂ ಕುಣಿಯದೆ ಇರುವುದಿಲ್ಲ, ಹಾಗಾಗಿ ಲೈಟುಗಳ ಜೊತೆ ಕ್ಯಾಮೆರಾವನ್ನೂ ಅದರಲ್ಲಿ ಹಾಕುವ ಆಸೆ ಬೇಡ.

ಮುಂದೆ ಪೆಟ್ಟಿಗೆ ಇರುವ ಕಾರ್ಗೋ ಸೈಕಲ್ ಸ್ಟುಡಿಯೋ ಕೆಲಸದವರಿಗೆ ನಿಜಕ್ಕೂ ಒಳ್ಳೆಯದು, ಸಾಮಾನು ಕಣ್ಣೆದುರೇ ಇರುತ್ತದೆ. ಮೆಟ್ಟಿಲಿರುವ ಮನೆಯಲ್ಲಿ ಇರುವವರಿಗೆ ಅದರ ಮಾತೇ ಬೇಡ.

ಬೆರೆಸಿ ಹೊರುವುದು

ಒಂದನ್ನೇ ಆರಿಸಿ ಎಂದರೆ ಪ್ಯಾನಿಯರ್. ಒಂದನ್ನೇ ಆರಿಸಬೇಕಾದ ಕಟ್ಟುಪಾಡು ಇಲ್ಲ ಅನ್ನುವುದೇ ಸಮಾಧಾನ. ದಿನದ ಕೆಲಸಕ್ಕೆ ಕೂಡಿಬಂದದ್ದು ಹೀಗೆ: ಒಂದು ಬಾಡಿ, 35 ಮಿ.ಮೀ., ಎರಡು ಬ್ಯಾಟರಿ ಸ್ಲಿಂಗಿನಲ್ಲಿ, ಮೈಮೇಲೆ. ಎರಡನೇ ಬಾಡಿ, ಎರಡು ಜೂಮು, ಫ್ಲ್ಯಾಶು ಒಂದು ಪ್ಯಾನಿಯರ್‌ನಲ್ಲಿ. ಲ್ಯಾಪ್‌ಟಾಪ್, ಬೀಗ, ಪಂಪು ಇನ್ನೊಂದರಲ್ಲಿ. ದಾರಿಯಲ್ಲಿ ಏನಾದರೂ ಕಂಡರೆ ಸ್ಲಿಂಗು ಸಾಕು. ಪ್ಯಾನಿಯರ್‌ಗೆ ಏನೇ ಆದರೂ ಒಂದು ಕ್ಯಾಮೆರಾ ಉಳಿದಿರುತ್ತದೆ, ಕೆಲಸ ನಿಲ್ಲುವುದಿಲ್ಲ. ತೆಗೆದ ಚಿತ್ರಗಳ ಕಾರ್ಡು ಎಂದೂ ಬ್ಯಾಗಿನಲ್ಲಿ ಬರಬಾರದು, ಗಟ್ಟಿ ಡಬ್ಬಿಯಲ್ಲಿ, ಜಿಪ್ ಇರುವ ಜೇಬಿನಲ್ಲಿ.

ಟ್ರೈಪಾಡನ್ನು ಕ್ಯಾರಿಯರ್ ಮೇಲೆ ಉದ್ದಕ್ಕೆ, ಹೆಡ್ಡು ಹಿಂದಕ್ಕೆ ಬರುವಂತೆ ಎರಡು ಕಡೆ ರಬ್ಬರ್ ಪಟ್ಟಿಯಿಂದ ಕಟ್ಟಿ. ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ಬೇಡ, ಕಳಚಿದರೆ ಕಡ್ಡಿಗಳ ನಡುವೆ ಸುತ್ತಿಕೊಳ್ಳುತ್ತದೆ. ಕಾರ್ಬನ್ ಕಾಲುಗಳು ಲೋಹಕ್ಕೆ ಉಜ್ಜಿದರೆ ನಾರು ಕಿತ್ತುಬರುತ್ತದೆ, ತಾಗುವ ಜಾಗಕ್ಕೆಲ್ಲ ಟ್ಯೂಬಿನ ತುಂಡು ಹಾಕಿ.

ತಲುಪಿದ ಕೂಡಲೇ ಕ್ಯಾಮೆರಾ ತೆಗೆಯಬೇಡಿ. ಏರು ಹತ್ತಿ ಬಂದವರ ಎದೆಬಡಿತ ಕೈಯಲ್ಲೂ ಕಾಣುತ್ತದೆ. ಮಾಮೂಲಿಗೆ 1/60ರಲ್ಲಿ ಚೂಪಾಗಿ ಬರುವ ಚಿತ್ರ ಮೊದಲ ಕೆಲವು ನಿಮಿಷ ಮಸುಕು, 1/250ಕ್ಕೆ ಏರಿಸಿ. ಬೆವರಿದ ಮುಖವನ್ನು ವ್ಯೂಫೈಂಡರ್‌ಗೆ ಒತ್ತಿದರೆ ಗಾಜು ಮಂಜಾಗುತ್ತದೆ, ಮೊದಲು ಮುಖ ಒರೆಸಿಕೊಳ್ಳಿ. ಎಸಿ ಕೋಣೆಯಿಂದ ತೇವದ ಬಿಸಿಲಿಗೆ ಹೊರಟಾಗ ಚೀಲದ ಬಾಯಿ ಕಟ್ಟಿಯೇ ಇರಲಿ. ಲೆನ್ಸು ಹೊರಗಿನ ಬಿಸಿಗೆ ಬರಲು ಕಾಲು ಗಂಟೆಯೋ ಅರ್ಧ ಗಂಟೆಯೋ ಬೇಕು, ಅದಕ್ಕೆ ಮೊದಲು ತೆಗೆದರೆ ನೀರು ಕಟ್ಟುತ್ತದೆ. ಅಷ್ಟು ಹೊತ್ತು ತುಳಿದರೆ ಹೇಗೂ ಸರಿಹೋಗಿರುತ್ತದೆ.

ವಾರಕ್ಕೊಮ್ಮೆ ಚೀಲ ಬರಿದು ಮಾಡಿ ತಲೆಕೆಳಗಾಗಿ ಕೊಡವಿ, ಮೂಲೆಗಳನ್ನು ವ್ಯಾಕ್ಯೂಮ್ ಮಾಡಿ. ಜೂಮಿನ ಉಂಗುರ ತಿರುಗಿಸುವಾಗ ಮರಳಿನ ಸದ್ದು ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ. ಎಫ್ 16ರಲ್ಲಿ ಖಾಲಿ ಆಕಾಶದ ಒಂದು ಚಿತ್ರ ತೆಗೆದು ಸೆನ್ಸರ್ ಮೇಲೆ ಚುಕ್ಕೆ ಎಷ್ಟಿವೆ ನೋಡಿ. ಹೋದ ವಾರಕ್ಕಿಂತ ಒಮ್ಮೆಲೇ ಹೆಚ್ಚಿದ್ದರೆ ಸೆನ್ಸರ್ ಒರೆಸುವ ಮುಂಚೆ ಪ್ಯಾನಿಯರ್‌ನ ತಳದ ಸ್ಪಂಜನ್ನು ಹೊರಗೆಳೆದು ಉಜ್ಜಿ ನೋಡಿ, ಬೆರಳಿಗೆ ಪುಡಿ ಹತ್ತಿದರೆ ಅದನ್ನು ಬದಲಿಸಿ.